ಸಡಿಲ ಬರ್ಕಾ

ಲಾರಿಯ ಬೋಲ್ಟು ತಾನಾಗಿ ಸಡಿಲವಾಯಿತು ಎಂದರೆ ಯಾವ ಡ್ರೈವರಾದರೂ ನಂಬುತ್ತಾನೆ. ತಾನಾಗಿ ಬಿಗಿಯಾಯಿತು ಎಂದರೆ ನಂಬುವವರು ಯಾರು? ನಾನೂ ನಂಬುತ್ತಿರಲಿಲ್ಲ. ನಂಬದವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ಕಾಲು ಹಿಡಿದು ಕೂರಿಸಿಕೊಂಡು ಹೇಳುವಷ್ಟು ತಾಳ್ಮೆ ನನ್ನ ಜಾಯಮಾನದಲ್ಲೇ ಇಲ್ಲ.

ಇಂಜಿನ್ನಿನ ಕೆಳಗೆ ಆಯಿಲ್ ಚೇಂಬರ್ ಇರುತ್ತದೆ. ಅದರ ತಳದಲ್ಲಿ ಹೆಬ್ಬೆರಳು ಗಾತ್ರದ ಒಂದು ಬಿರಡೆ, ತಿರುಪಿನದ್ದು. ಹಳೇ ಆಯಿಲ್ ಇಳಿಸುವಾಗ ತೆಗೆಯಬೇಕು, ಹೊಸದು ಹಾಕುವ ಮೊದಲು ಮುಚ್ಚಬೇಕು, ಅಷ್ಟೇ. ಆದರೆ ರೆಗ್ಗಾನ್ ಬಿಟ್ಟು ಬೋರ್ಜ್ ಸೇರುವವರೆಗೆ ಆರುನೂರೈವತ್ತು ಕಿಲೋಮೀಟರ್ ಸಹಾರಾ ಮರುಭೂಮಿಯ ತನೆಜ್ರೂಫ್ತ್ ಬಯಲು. ಅಲ್ಲಿ ಮರವಿಲ್ಲ, ಬಾವಿಯಿಲ್ಲ, ಕೂರಲು ನೊಣ ಕೂಡ ಬರುವುದಿಲ್ಲ. ಆ ಬಯಲಿನ ನಡುವೆ ಬಿರಡೆ ಬಿದ್ದುಹೋದರೆ ಆಯಿಲ್ ಹೋಯಿತು, ಆಯಿಲ್ ಹೋದರೆ ಇಂಜಿನ್ ಹೋಯಿತು, ಆಮೇಲೆ ಹೋಗಲು ಉಳಿಯುವುದು ನಾವು ಮಾತ್ರ. ಅಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವನು ನಾನು, ದಹಮಾನ್. ಹೋಗುವಾಗ ರವೆ, ಸಕ್ಕರೆ, ಬರುವಾಗ ಕುರಿ.

ನನ್ನ ಕೈಗೆ ಸ್ಟಿಯರಿಂಗ್ ಕೊಟ್ಟವನು ಬರ್ಕಾ, ನನ್ನ ಬಾಯಲ್ಲಿ ಬರ್ಕಣ್ಣ. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಹದಿನೈದು ವರ್ಷ ನಾವಿಬ್ಬರೂ ಒಂದೇ ಲಾರಿಯಲ್ಲಿದ್ದೆವು, ಒಂದೇ ಬೋಗುಣಿಯಲ್ಲಿ ಉಂಡೆವು. ನಾನು ಸಿಟ್ಟಿಗೆದ್ದು ಟೈರಿಗೆ ಒದ್ದರೆ ಅವನು ನಗುತ್ತಿದ್ದ. "ಒದಿ ಕಣೋ, ಚೆನ್ನಾಗಿ ಒದಿ, ಪಂಚರ್ ಆದ್ಮೇಲೆ ನೀನೇ ಹಾಕ್ಬೇಕು" ಎನ್ನುತ್ತಿದ್ದ.

ನಮ್ಮ ಡ್ರೈವರುಗಳಲ್ಲಿ ಒಂದು ಕಟ್ಟಳೆಯಿದೆ. ಬಿರಡೆ ತೆಗೆದ ಕೈ ಅದನ್ನು ಮುಚ್ಚಬಾರದು. ಒಬ್ಬ ತೆಗೆದರೆ ಇನ್ನೊಬ್ಬ ಮುಚ್ಚಬೇಕು. ಎರಡು ಜೊತೆ ಕಣ್ಣು ಅದರ ಮೇಲೆ ಬೀಳಲಿ ಎಂದು ಹಿಂದಿನವರು ಮಾಡಿದ್ದು.

ಎಲ್ಲ ಹಾಳಾದ ಆ ದಿನ, ರೆಗ್ಗಾನ್ ಬಿಡುವ ಮೊದಲು, ತೆಗೆದದ್ದು ಬರ್ಕಣ್ಣ, ಮುಚ್ಚಬೇಕಾದವನು ನಾನು. ಬೆರಳಲ್ಲಿ ತಿರುಗಿಸಿ ಕೂರಿಸಿದೆ. ಸ್ಪ್ಯಾನರ್ ಕೈಗೆ ತೆಗೆದುಕೊಳ್ಳಬೇಕು, ಅಷ್ಟರಲ್ಲಿ ಅದ್ರಾರ್ ಊರಿನಿಂದ ನನ್ನ ಸೋದರಮಾವ ಬಂದು ನಿಂತರು. ಹೇಗಿದ್ದೀ, ಮನೆಯವರು ಹೇಗಿದ್ದಾರೆ, ಅಮ್ಮನ ಮಂಡಿ ಹೇಗಿದೆ, ತೋಟ ಹೇಗಿದೆ, ಈ ಸಲ ಖರ್ಜೂರ ಹೇಗಿದೆ. ನಮ್ಮಲ್ಲಿ ಇದನ್ನೆಲ್ಲ ನಡುವೆ ಕತ್ತರಿಸಿ ಕೆಲಸವಿದೆ ಎಂದು ಹೇಳುವವನು ಇನ್ನೂ ಹುಟ್ಟಿಲ್ಲ. ಆಮೇಲೆ ಚಹಾ, ಮೂರು ಲೋಟ, ಒಂದೂ ಕಡಿಮೆ ಆಗುವಂತಿಲ್ಲ. ನಾನು ವಾಪಸು ಬರುವಾಗ ಬರ್ಕಣ್ಣ ಮೇಲಿನಿಂದ ಹೊಸ ಆಯಿಲ್ ಹಾಕಿ ಮುಗಿಸಿದ್ದ. ಬಿರಡೆ ನನ್ನ ಕೆಲಸವಲ್ಲವೇ, ನಾನು ಮುಗಿಸಿರುತ್ತೇನೆ ಎಂದು ಅವನ ನಂಬಿಕೆ. ನನಗೆ ಆ ಸ್ಪ್ಯಾನರ್ ನೆನಪೇ ಆಗಲಿಲ್ಲ.

ಇನ್ನೂರು ಕಿಲೋಮೀಟರ್ ದಾಟಿದ ಮೇಲೆ ಬಿರಡೆ ಬಿದ್ದು, ಆಯಿಲ್ ಸೋರಿ, ಇಂಜಿನ್ ಹಿಡಿದುಕೊಂಡು ನಿಂತಿತು. ಮೂರು ಹಗಲು ಲಾರಿಯ ನೆರಳಿನ ಹಿಂದೆ ಜರುಗುತ್ತ ಕೂತಿದ್ದೆವು. ನಾಲ್ಕನೆಯ ದಿನ ಮತ್ತೊಂದು ಲಾರಿ ಬಂತು. ಬರದಿದ್ದರೆ ಈ ಕಥೆ ಹೇಳಲು ನಾನಿರುತ್ತಿರಲಿಲ್ಲ.

ರೆಗ್ಗಾನ್‌ನಲ್ಲಿ ಮಾಲೀಕರು ಹಾಜಿ ಸ್ಲಿಮಾನ್ ಅಂಗಳದಲ್ಲೇ ನಿಂತಿದ್ದರು. ಸುತ್ತ ಹತ್ತು ಹದಿನೈದು ಜನ.

"ಮುಚ್ಚಿದ್ದು ಯಾರು?" ಎಂದು ಕೇಳಿದರು.

ನನ್ನ ನಾಲಿಗೆ ಅಲ್ಲೇ ಬಿದ್ದುಹೋಗಬೇಕಿತ್ತು. "ತೆಗೆದಿದ್ದು ನಾನು. ಮುಚ್ಚಿದ್ದು ಬರ್ಕಣ್ಣ" ಎಂದೆ.

ಬರ್ಕಣ್ಣ ನನ್ನ ಮುಖ ನೋಡಿದ. ಸಿಟ್ಟಿನಿಂದಲ್ಲ. ನಾನು ಇನ್ನೂ ಏನೋ ಹೇಳಲಿದ್ದೇನೆ, ಮಾತು ಮುಗಿದಿಲ್ಲ ಎಂಬಂತೆ ಕಾದ. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಅವನು ರುಮಾಲಿನ ಅಂಚು ಬಾಯಿಗೆ ಎಳೆದುಕೊಂಡು ಹೊರಟುಹೋದ.

ಅವತ್ತಿನಿಂದ ಊರಿಗೆ ಊರೇ ಅವನನ್ನು ಸಡಿಲ ಬರ್ಕಾ ಎಂದು ಕರೆಯಿತು. ಅವನನ್ನು ಯಾವ ಲಾರಿಗೂ ಹತ್ತಿಸಲಿಲ್ಲ. ಹೆಂಡತಿ ಮಸೂದಾ ಸಂತೆಗೆ ಹೋದರೆ "ಸಡಿಲನ ಮನೆಯವಳು ಬಂದ್ಲು, ತಕ್ಕಡಿ ಗಟ್ಟಿಯಾಗಿ ಹಿಡ್ಕೊಳ್ರೋ" ಎನ್ನುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳಿಗೂ ಅದೇ ಹೆಸರು. ಅವನು ತೋಟದ ಕಾಲುವೆಯಲ್ಲಿ ತುಂಬುವ ಮರಳು ತೆಗೆಯುತ್ತ ಕಾಲ ಹಾಕಿದ. ಎಂಟು ತಿಂಗಳಿಗೆ, ಒಂದು ಬೆಳಗ್ಗೆ, ಅದೇ ಕಾಲುವೆಯಲ್ಲಿ ಗುದ್ದಲಿ ಹಿಡಿದುಕೊಂಡೇ ಕುಸಿದ.

ಮಣ್ಣಿಗಿಡುವ ಮೊದಲು ಇಮಾಮರು ಕೇಳುವುದು ವಾಡಿಕೆ: "ಈ ಮನುಷ್ಯನಿಂದ ನಿಮಗೆ ಏನಾದ್ರೂ ಅನ್ಯಾಯ ಆಗಿದ್ರೆ ಕ್ಷಮಿಸಿಬಿಡಿ, ಹಗುರಾಗಿ ಹೋಗ್ಲಿ." ಎಲ್ಲರೂ ಬಾಯೊಳಗೇ ಕ್ಷಮಿಸಿದ್ದೇವೆ ಎನ್ನುತ್ತಾರೆ. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಹಾಳಾದವನು ನಾನು, ಎಲ್ಲರಿಗೂ ಕೇಳುವಂತೆ ಗಂಟಲೆತ್ತಿ ಹೇಳಿದೆ: "ನಾನು ಬರ್ಕಣ್ಣನ್ನ ಕ್ಷಮಿಸಿದ್ದೀನಿ!"

ದೊಡ್ಡ ಮನಸ್ಸು ಎಂದು ಜನ ಬೆನ್ನು ತಟ್ಟಿದರು. ತಟ್ಟಿದ ಜಾಗ ಸಂಜೆಯವರೆಗೂ ಉರಿಯಿತು.

ಅದಾಗಿ ಒಂದು ವಾರಕ್ಕೆ ನಾನು ಬೋರ್ಜ್ ಕಡೆ ಹೊರಟೆ. ಜೊತೆಗೆ ಬಂದವನು ಮಸೂದಾಳ ತಮ್ಮ ಸಲ್ಲೂಮ್, ಮೂವತ್ತೈದರ ಆಸುಪಾಸಿನವನು, ಅಳೆದು ಮಾತಾಡುವವನು. ನಾನೇ ಕೇಳಿ ಅವನನ್ನು ಸೇರಿಸಿಕೊಂಡಿದ್ದೆ. ಪಾಪ ತೊಳೆದುಕೊಳ್ಳಲು ಎಂದುಕೊಳ್ಳಿ.

ಹೊಸ ಇಂಜಿನ್ ಬಂದಾಗಿನಿಂದ ಆ ಬಿರಡೆಯ ಮೇಲೆ ನನಗೆ ಭಯ. ಅದಕ್ಕೇ ಬಿಗಿ ಮಾಡಿದ ಮೇಲೆ ಬಿರಡೆಯ ತಲೆಯಿಂದ ಚೇಂಬರಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದೆ. ಬಿರಡೆ ಒಂದು ಕೂದಲೆಳೆ ಕದಲಿದರೂ ಗೆರೆ ಮುರಿದು ಕಾಣುತ್ತದೆ. ಮೊದಲ ಬೆಳಗ್ಗೆ ಟಾರ್ಚ್ ಹಿಡಿದು ಕೆಳಗೆ ನುಸುಳಿದೆ. ಗೆರೆ ಮುರಿದಿತ್ತು.

ಸಡಿಲವಾಗಿದೆ ಎಂದು ಸ್ಪ್ಯಾನರ್ ಹಾಕಿದೆ, ಅಲುಗಲಿಲ್ಲ. ಮತ್ತೆ ನೋಡಿದೆ. ಗೆರೆ ಬಲಕ್ಕೆ ಹೋಗಿತ್ತು. ಬಿಗಿಯುವ ಕಡೆಗೆ.

"ಸಲ್ಲೂಮ್! ಬಿರಡೆ ಮುಟ್ಟಿದ್ಯೇನೋ?"

"ನಾನ್ಯಾಕೆ ಮುಟ್ಲಿ ಅಣ್ಣಾ?"

"ಮತ್ತೆ ಯಾರು, ನಿಮ್ಮಜ್ಜ ಬಂದು ಮುಟ್ಟಿದ್ನಾ?"

"ನಮ್ಮಜ್ಜಂಗೆ ಒಂಟೆ ಜೀನು ಬಿಟ್ರೆ ಬೇರೆ ಏನೂ ಬಿಗಿಯೋಕೆ ಬರ್ತಿರ್ಲಿಲ್ಲ" ಎಂದ ಅವನು, ರೊಟ್ಟಿ ಮುರಿಯುತ್ತ.

ಹೊಸ ಗೆರೆ ಎಳೆದೆ. ಮಾರನೆಯ ಬೆಳಗ್ಗೆ ಅದೂ ಬಲಕ್ಕೆ ಹೋಗಿತ್ತು, ಎಳ್ಳುಕಾಳಿನಷ್ಟು. ಆಮೇಲೆ ಹಾಗೇ ನಡೆಯಿತು. ಬೋರ್ಜ್‌ಗೆ ಹೋಗುವಾಗ, ಬರುವಾಗ, ಮುಂದಿನ ಪ್ರಯಾಣದಲ್ಲಿ. ಬೇರೆ ಬಣ್ಣ ಹಾಕಿದೆ, ತಂತಿ ಕಟ್ಟಿದೆ. ತಂತಿ ಕಟ್ಟಿದ ದಿನ ಅದು ಬಿಗಿಯಾಗಿ ಎಳೆದುಕೊಂಡು ತುಂಡಾಗಿತ್ತು. ಹಿಂದಕ್ಕೆ ಸಡಿಲಿಸಿ ನೋಡೋಣವೆಂದು ಸ್ಪ್ಯಾನರಿನ ಮೇಲೆ ಕಾಲಿಟ್ಟು ನಿಂತರೂ ಬಿರಡೆ ಜಗ್ಗಲಿಲ್ಲ. ದಾರಿಯ ಕುಲುಕಾಟಕ್ಕೆ ಬೋಲ್ಟು ಬಿಚ್ಚುತ್ತದೆಯೇ ಹೊರತು ಎಂದೂ ಬಿಗಿಯಾಗುವುದಿಲ್ಲ. ಇದು ಲಾರಿಯವರ ಮನೆಯ ಬೆಕ್ಕಿಗೂ ಗೊತ್ತು. ನನಗೆ ಊಟ ಸೇರದಾಯಿತು.

ಸಲ್ಲೂಮನದೇ ಕೆಲಸ, ಭಾವನ ಸೇಡು ತೀರಿಸುತ್ತಿದ್ದಾನೆ ಎಂದು ನನ್ನ ಗುಮಾನಿ. ಒಂದು ಸಂಜೆ ಅವನಿಗೆ ತಿಳಿಯದ ಹಾಗೆ ಲಾರಿಯ ಕೆಳಗೂ ಸುತ್ತಲೂ ಮರಳನ್ನು ಕಂಬಳಿಯಿಂದ ನಯವಾಗಿ ಸವರಿಬಿಟ್ಟೆ. ಇರುವೆ ಹೋದರೂ ಗುರುತು ಬೀಳಬೇಕು. ಬೆಳಕು ಹರಿಯುವಾಗ ಹೋಗಿ ಬಗ್ಗಿ ನೋಡಿದೆ.

ಸುತ್ತ ಒಂದು ಹೆಜ್ಜೆಯೂ ಇರಲಿಲ್ಲ. ಒಳಗೆ, ಇಂಜಿನ್ನಿನ ಕೆಳಗೆ, ಮನುಷ್ಯ ಅಂಗಾತ ಮಲಗಿದ ಅಚ್ಚು. ತಲೆಯದೊಂದು ಗುಳಿ, ಎರಡು ಭುಜ, ಮಡಿಸಿದ ಮಂಡಿಗಳ ಕೆಳಗೆ ಹಿಮ್ಮಡಿ ಊರಿದ ಎರಡು ಕುಳಿ. ಬಂದ ಗುರುತಿಲ್ಲ, ಹೋದ ಗುರುತಿಲ್ಲ. ಸಲ್ಲೂಮ್ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದ. ಎಡಗಡೆಯ ಕುಳಿ ತೋರಿಸಿ ಹೇಳಿದ:

"ಅಣ್ಣಾ, ಭಾವ ಎಡಭುಜ ಸ್ವಲ್ಪ ಎತ್ತಿಕೊಂಡೇ ಮಲಗ್ತಿದ್ರು. ಒಂಟೆಯಿಂದ ಬಿದ್ದು ಮುರ್ಕೊಂಡಿದ್ದು ಅದು."

ಅಚ್ಚಿನಲ್ಲಿ ಎಡಭುಜದ ಕುಳಿ ಆಳವಿರಲಿಲ್ಲ. ನಾನು ಕಂಬಳಿ ಎಳೆದು ಎಲ್ಲ ಅಳಿಸಿಬಿಟ್ಟೆ, "ನಡೀ ನಡೀ, ಬಿಸಿಲೇರುತ್ತೆ" ಎಂದು ಗದರಿದೆ. ನನ್ನ ಧ್ವನಿ ನನಗೇ ಬೇರೆಯವರದ್ದು ಅನ್ನಿಸಿತು.

ಅದೇ ದಿನ, ಎರಡೂ ಊರಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಸೂರ್ಯ ನೆತ್ತಿಗೆ ಬಂದಾಗ ಆಯಿಲ್ ಮೀಟರಿನ ಮುಳ್ಳು ಕೆಳಗಿಳಿಯಿತು. ಇಂಜಿನ್ ಆರಿಸಿ ಹಾರಿದೆ. ಬಿರಡೆಯ ಸುತ್ತ ಆಯಿಲ್ ತೊಟ್ಟಿಕ್ಕುತ್ತಿತ್ತು. ಸ್ಪ್ಯಾನರ್ ಹಾಕಿದರೆ ಗಿರಗಿರ ತಿರುಗುತ್ತದೆ, ಒಳಗೂ ಹೋಗದು, ಹೊರಗೂ ಬಾರದು. ಬಿಗಿದು ಬಿಗಿದು ಥ್ರೆಡ್, ಅಂದರೆ ತಿರುಪಿನ ಹಲ್ಲು, ಹೋಗಿಬಿಟ್ಟಿತ್ತು.

"ಥೂ, ಇದರ ವಂಶ ಹಾಳಾಗ!" ಎಂದು ಚಕ್ರಕ್ಕೆ ಒದ್ದೆ. ನಗುವವರು ಯಾರೂ ಇರಲಿಲ್ಲ.

ಥ್ರೆಡ್ ಹೋದ ಬಿರಡೆಯನ್ನು ತೆಗೆಯುವುದಕ್ಕೆ ಒಂದು ಉಪಾಯವಿದೆ. ಸ್ಕ್ರೂಡ್ರೈವರಿನ ತುದಿಯನ್ನು ಅದರ ತಲೆಯ ಹಿಂದೆ ತೂರಿಸಿ, ಕೆಳಕ್ಕೆ ಒತ್ತುತ್ತಲೇ ತಿರುಗಿಸಬೇಕು. ಊಟದ ಬೋಗುಣಿ, ನೀರಿನ ಬಕೆಟ್ಟು, ಏನು ಸಿಕ್ಕಿತೋ ಅದನ್ನೆಲ್ಲ ಕೆಳಗಿಟ್ಟು ಹಾಗೇ ಮಾಡಿದೆ. ಅರ್ಧ ಗಂಟೆಗೆ ಬಂತು, ಥ್ರೆಡ್ಡಿನ ಜೊತೆ ಒಂದು ಸುರುಳಿ ಕಬ್ಬಿಣದ ಎಳೆಯನ್ನೂ ಎಳೆದುಕೊಂಡು. ಆಯಿಲ್ ಅಷ್ಟನ್ನೂ ಹಿಡಿದುಕೊಂಡೆವು.

ಸ್ಟೆಪ್ನಿ ಹಿಡಿದಿಡುವ ಎರಡು ಬೋಲ್ಟು ಬಿರಡೆಗಿಂತ ಒಂದು ಅಳತೆ ದಪ್ಪವಿದ್ದವು. ಒಂದರ ಮೈಮೇಲೆ ಗರಗಸದಿಂದ ನಾಲ್ಕು ಉದ್ದ ಕಾಲುವೆ ಕೊಯ್ದೆ. ಗ್ರೀಸ್ ಹಚ್ಚಿ ಅದನ್ನು ತೂತಿಗೆ ಕೊಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೆ ಹೊಸ ಥ್ರೆಡ್ ಕೊರೆದೆ. ಎರಡನೆಯದು ಮುಚ್ಚಲು. ಅದಕ್ಕೆ ಹಗ್ಗದ ನಾರು ಸುತ್ತಿ ಸೋಪು ಸವರಿದೆ. ಇದಕ್ಕಿಂತ ದಪ್ಪದ ಬೋಲ್ಟು ಲಾರಿಯಲ್ಲಿ ಇನ್ನೊಂದಿರಲಿಲ್ಲ. ಈ ಥ್ರೆಡ್ಡೂ ಹೋದರೆ ನಮ್ಮ ಕಥೆ ಅಲ್ಲಿಗೆ ಮುಗಿಯಿತು. ನೀರು ಎರಡು ದಿನಕ್ಕಿತ್ತು.

ತೆಗೆದವನು ನಾನು, ಕಟ್ಟಳೆಯಂತೆ ಮುಚ್ಚಬೇಕಾದವನು ಸಲ್ಲೂಮ್. ಅವನು ನಾಲ್ಕು ಮಾರು ಆಚೆ ಲಾರಿಯ ನೆರಳಿನಲ್ಲಿ ಮಧ್ಯಾಹ್ನದ ನಮಾಜಿಗೆ ನಿಂತಿದ್ದ. ಕಾಯಬೇಕಿತ್ತು. ಆದರೆ ಆ ಅಚ್ಚು ನೋಡಿದ ಮೇಲೆ ನನಗೆ ಅಲ್ಲಿ ಒಂದು ನಿಮಿಷವೂ ಇರಲು ಮನಸ್ಸಿರಲಿಲ್ಲ. ಬೋಲ್ಟನ್ನು ಬೆರಳಲ್ಲಿ ಕೂರಿಸಿ, ಸ್ಪ್ಯಾನರ್ ಹಾಕಿ ಒಂದೂವರೆ ಸುತ್ತು ತಿರುಗಿಸಿದೆ. ಹಿಡಿಯಿತು. ಸಾಕು ಎಂದು ಕೈ ತೆಗೆಯಲು ಹೋದೆ.

ಸ್ಪ್ಯಾನರ್ ನಿಲ್ಲಲಿಲ್ಲ.

ನನ್ನ ಮುಷ್ಟಿಯೊಳಗೇ ಅದು ಬಲಕ್ಕೆ ಹೋಗುತ್ತಿತ್ತು. ಜೋರಾಗಿ ಅಲ್ಲ, ನಿಧಾನವಾಗಿ, ಕೆಲಸ ಗೊತ್ತಿರುವ ಕೈ ಹದ ನೋಡಿಕೊಂಡು ತಿರುಗಿಸುವ ಹಾಗೆ. ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದೆ. ಹೊಸ ಥ್ರೆಡ್ ಕಿರ್ರೆಂದಿತು. ನನ್ನ ಎಡಭುಜಕ್ಕೆ ಒತ್ತಿಕೊಂಡು ಯಾರೋ ಮಲಗಿದ್ದರು. ತಿರುಗಿ ನೋಡಿದರೆ ಖಾಲಿ ಮರಳು, ಆಚೆ ಬಿಳಿ ಬಿಸಿಲು. ಆದರೆ ಆ ಕಡೆಯ ತೋಳಿಗೆ ಮಾತ್ರ ತಣ್ಣಗೆ ತಾಗುತ್ತಿತ್ತು, ತೋಟದ ಕಾಲುವೆಯ ಒದ್ದೆ ಮಣ್ಣಿನ ವಾಸನೆ ಬರುತ್ತಿತ್ತು.

"ಸಾಕು ಬರ್ಕಣ್ಣ" ಎಂದೆ. "ಸಾಕು, ಬಿಗಿಯಾಯ್ತು, ಬಿಡು."

ಸ್ಪ್ಯಾನರ್ ಇನ್ನೂ ಒಂದು ಕೂದಲೆಳೆ ಜರುಗಿತು.

ಆಗ ನನ್ನ ಮಂಕುಬುದ್ಧಿಗೆ ಹೊಳೆಯಿತು. ಇದು ಸೇಡಲ್ಲ. ನಾನು ಊರೆದುರು ಹೇಳಿದ್ದೆನಲ್ಲ, ತೆಗೆದದ್ದು ನಾನು, ಮುಚ್ಚಿದ್ದು ಬರ್ಕಣ್ಣ ಎಂದು. ಆ ಮಾತಿನ ಪ್ರಕಾರ ಮುಚ್ಚುವ ಕೆಲಸ ಅವನದು. ಅವನು ಅದನ್ನೇ ದಿನಾ ಬಂದು ಮಾಡುತ್ತಿದ್ದ. ಸಡಿಲ ಬಿಟ್ಟವನೆಂದು ಯಾರೂ ಮತ್ತೆ ಹೇಳಬಾರದಷ್ಟು ಬಿಗಿಯಾಗಿ. ಎಷ್ಟು ಬಿಗಿದರೂ ಆ ಹೆಸರು ಹೋಗುತ್ತಿರಲಿಲ್ಲ, ಯಾಕೆಂದರೆ ಅದು ಬಿರಡೆಯಲ್ಲಿರಲಿಲ್ಲ, ನನ್ನ ಬಾಯಲ್ಲಿತ್ತು.

ಅಳು ಕಿತ್ತುಕೊಂಡು ಬಂತು. ಕಿರುಚಿದೆ: "ನೀನಲ್ಲ ಕಣೋ ಅಣ್ಣ! ತೆಗೆದೋನು ನೀನು, ಮುಚ್ಚಿದೋನು ನಾನು! ಮಾವ ಬಂದ್ರು ಅಂತ ಸ್ಪ್ಯಾನರ್ ಹಾಕ್ದೇ ಬಿಟ್ಟು ಹೋದೆ. ನಾನೇ ಸಡಿಲ. ನಿನ್ನ ಕೈಯದೇನೂ ತಪ್ಪಿಲ್ಲ. ಕೈ ಬಿಡೋ, ಬಿಡೋ ಅಣ್ಣ!"

ಸ್ಪ್ಯಾನರ್ ಹಗುರಾಯಿತು. ನಾನು ಎಳೆಯುತ್ತಿದ್ದ ರಭಸಕ್ಕೆ ಅದು ಕಳಚಿ ನನ್ನ ಎದೆಯ ಮೇಲೇ ಬಿತ್ತು. ಬೋಲ್ಟು ಹಾಗೇ ಇತ್ತು, ಥ್ರೆಡ್ ಉಳಿದಿತ್ತು. ಪಕ್ಕದ ತಂಪು ಹೋಗಿ ಕಾದ ಮರಳು ಚುರ್ರೆಂದಿತು.

ಕೆಳಗಿನಿಂದ ಸಲ್ಲೂಮನ ಪಾದ ಕಾಣುತ್ತಿತ್ತು. ನಮಾಜಿಗೆ ನಿಂತವನು ನಡುವೆ ಮುರಿಯುವಂತಿಲ್ಲ, ತಿರುಗುವಂತಿಲ್ಲ. ನನ್ನ ಒಂದೊಂದು ಮಾತೂ ಅವನ ಕಿವಿಗೆ ಬಿದ್ದಿತ್ತು, ಆದರೂ ಅವನು ಬಾಗಿದ, ಹಣೆ ಊರಿದ, ಕೂತ. ಬಲಕ್ಕೆ ಕತ್ತು ತಿರುಗಿಸಿ ಸಲಾಂ ಹೇಳಿದ, ಎಡಕ್ಕೆ ಹೇಳಿದ. ಆಮೇಲೆ ಎದ್ದು ಬಂದು ಬಗ್ಗಿದ. ಅವನ ಗಡ್ಡ ಒದ್ದೆಯಾಗಿತ್ತು.

"ಇಲ್ಲಿ ಹೇಳಿದ್ದನ್ನ ಊರಲ್ಲೂ ಹೇಳ್ತೀಯಾ?" ಎಂದು ಕೇಳಿದ.

"ಹೇಳ್ತೀನಿ."

"ಇಲ್ಲ ಅಂದ್ರೆ ಈಗ್ಲೇ ಹೇಳಿಬಿಡು. ನಾನು ನಡ್ಕೊಂಡು ಹೋಗ್ತೀನಿ, ನಿನ್ ಜೊತೆ ಕೂರಲ್ಲ."

"ಹೇಳ್ತೀನಿ ಅಂದೆನಲ್ಲೋ!" ಎಂದು ಆ ಸ್ಥಿತಿಯಲ್ಲೂ ರೇಗಿದೆ. ಹಾಳು ಸ್ವಭಾವ, ಎಲ್ಲಿಗೆ ಹೋಗುತ್ತದೆ?

ಹಿಡಿದಿಟ್ಟ ಆಯಿಲ್ ವಾಪಸು ಸುರಿದು ಹೇಗೋ ಊರು ಸೇರಿದೆವು. ಶುಕ್ರವಾರದ ನಮಾಜು ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಹಾಜಿ ಸ್ಲಿಮಾನ್ ನನ್ನ ಮುಖ ನೋಡದೆ ದಾಟಿ ಹೋದರು. ಇಮಾಮರು ಮಾತ್ರ ಕೇಳಿದರು, "ಅವತ್ತು ಗುಂಡಿ ಹತ್ರ ನೀನು ಯಾರನ್ನ ಕ್ಷಮಿಸಿದ್ದಪ್ಪಾ?"

ಅಲ್ಲಿಂದ ನೇರ ಮಸೂದಾಳ ಮನೆಗೆ ಹೋದೆ. ಹೊಸಿಲ ಹೊರಗೇ ಕೂತೆ. ಅವಳು ಬಾಗಿಲ ಪರದೆಯ ಹಿಂದೆ ನಿಂತು ಕೇಳಿಸಿಕೊಂಡಳು. ಸಲ್ಲೂಮ್ ಮೊದಲೇ ಹೇಳಿದ್ದನೇನೋ, ಅವಳ ಧ್ವನಿಯಲ್ಲಿ ಆಶ್ಚರ್ಯವಿರಲಿಲ್ಲ.

"ಅತ್ತಿಗೆ, ಅವನ್ಯಾಕೆ ಅವತ್ತು ಬಾಯಿ ಬಿಡ್ಲಿಲ್ಲ? ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ..."

"ನಾನೂ ಕೇಳ್ದೆ. ಜಗಳಾನೇ ಆಡ್ದೆ" ಎಂದಳು. "ಅವರೇನಂದ್ರು ಗೊತ್ತಾ? ದಹಮಾನ್ ಸಿಟ್ಟಿನೋನು, ಹೆದರಿ ಹೇಳ್ಬಿಟ್ಟಿದ್ದಾನೆ, ಸಿಟ್ಟು ಇಳಿದ್ಮೇಲೆ ತಾನೇ ಬಂದು ಸರಿ ಮಾಡ್ತಾನೆ, ನಾನು ಹೇಳಿದ್ರೆ ಅವನ ಹೆಸರು ಹೋಗುತ್ತೆ ಅಂದ್ರು. ಎಂಟು ತಿಂಗಳು ದಿನಾ ಸಂಜೆ ಈ ಬಾಗಿಲು ತೆಗೆದೇ ಇಟ್ಟಿದ್ರು. ಧೂಳು ಬರುತ್ತೆ ಮುಚ್ಚಿ ಅಂದ್ರೆ, ಇರು, ಅವನು ಬರ್ಬಹುದು ಅನ್ನೋರು."

ನಾನು ಹೊಸಿಲಿಗೆ ಹಣೆ ಹಚ್ಚಿದೆ. ಆ ಮನೆ ನನ್ನ ಮನೆಯಿಂದ ಎರಡು ಓಣಿ ಆಚೆ. ಎಂಟು ತಿಂಗಳು ನಾನು ಸುತ್ತು ಬಳಸಿ ಬೇರೆ ದಾರಿಯಲ್ಲಿ ಓಡಾಡಿದ್ದೆ.

"ನನ್ನನ್ನ ಕ್ಷಮಿಸ್ತೀಯಾ ಅತ್ತಿಗೆ?"

ಪರದೆಯ ಹಿಂದೆ ಅವಳು ನೆಲಕ್ಕೆ ಕೂತ ಸದ್ದಾಯಿತು.

"ನನ್ನ ಪಾಲಿನದು, ನನ್ನ ಮಕ್ಕಳ ಪಾಲಿನದು ಬಿಟ್ಟಿದ್ದೀನಿ, ಹೋಗು" ಎಂದಳು. "ಅವರ ಪಾಲಿನದು ನನ್ನ ಕೈಲಿಲ್ಲ. ಅವರನ್ನೇ ಕೇಳ್ಕೋ. ದಿನಾ ಬರ್ತಾರಂತಲ್ಲ ನಿನ್ ಹತ್ರ."

ಅದೂ ಸರಿಯೇ ಅನ್ನಿಸಿತು. ಹೊಸ ಬೋಲ್ಟಿಗೂ ಗೆರೆ ಎಳೆದಿದ್ದೆ, ಮಾರನೆಯ ಬೆಳಗ್ಗೆ ನುಸುಳಿ ನೋಡಿದೆ. ಗೆರೆ ನೆಟ್ಟಗಿತ್ತು. ಅದರ ಮಾರನೆಯ ದಿನವೂ ನೆಟ್ಟಗಿತ್ತು. ಒಂದು ವಾರ, ಎರಡು ವಾರ, ಬೋರ್ಜ್‌ಗೆ ಹೋಗಿ ಬಂದರೂ ಕದಲಿರಲಿಲ್ಲ. ಸಲ್ಲೂಮ್ ಸಮಾಧಾನದ ಉಸಿರು ಬಿಟ್ಟ. ನನಗೆ ಮಾತ್ರ ದಿನದಿನಕ್ಕೆ ಗಾಬರಿ ಹೆಚ್ಚಿತು. ಹೇಳಬೇಕಾದ ಮಾತು ಹೇಳಿದ್ದೆ, ಬರ್ಕಣ್ಣನಲ್ಲಿ ಕೇಳಬೇಕಾದ ಕ್ಷಮೆ ಕೇಳಿರಲಿಲ್ಲ.

ಕೊನೆಗೊಂದು ಸಂಜೆ ಅಂಗಳದಲ್ಲಿ ಲಾರಿ ನಿಲ್ಲಿಸಿ, ಯಾರೂ ಇಲ್ಲದಾಗ, ನಾನೇ ಸ್ಪ್ಯಾನರ್ ಹಾಕಿ ಬಿರಡೆಯನ್ನು ಅರ್ಧ ಸುತ್ತು ಸಡಿಲಿಸಿದೆ. ಕೆಳಗೆ ಮರಳನ್ನು ನಯವಾಗಿ ಸವರಿದೆ. ಸಡಿಲ ಬಿಟ್ಟರೆ ಬರ್ಕಣ್ಣ ನೋಡಿಕೊಂಡು ಸುಮ್ಮನಿರುವವನಲ್ಲ, ಬಿಗಿಯಲು ಬಂದೇ ಬರುತ್ತಾನೆ ಎಂದು ಮನೆಗೆ ಹೋದೆ.

ಬೆಳಗ್ಗೆ ಹೋಗಿ ಬಗ್ಗಿ ನೋಡಿದೆ. ಸವರಿದ ಮರಳು ಸವರಿದ ಹಾಗೇ ಇತ್ತು. ನಡುವೆ ಅಂಗೈಯಗಲ ಆಯಿಲ್ ಬಿದ್ದಿತ್ತು, ಇನ್ನೂ ಬೀಳುತ್ತಿತ್ತು.